ಆರು ಕಾರ್ಡ್‌ಗಳ ರಿಗ್: ನಾಲ್ಕು ಗಂಟೆ ಓಡಿದ ಮೇಲೆ ಒಂದು ಕಾರ್ಡ್ ಮಾತ್ರ ಮಾಯವಾಗುತ್ತದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 8 ಜಿಬಿ ಮೆಮೊರಿಯ ಆರು ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗಳಿರುವ ಒಂದು ರಿಗ್, ಅಂದರೆ ಕ್ರಿಪ್ಟೋ ನಾಣ್ಯಗಳನ್ನು ಮೈನಿಂಗ್ ಮಾಡುವ ಕಂಪ್ಯೂಟರ್ ಇದೆ. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಮೈನಿಂಗ್ ಬೇಡದ ಪ್ರೂಫ್ ಆಫ್ ಸ್ಟೇಕ್ ಪದ್ಧತಿಗೆ ಬದಲಾಗುವವರೆಗೆ ಅದು ಇಥ್ಯಾಶ್ ಅಲ್ಗಾರಿದಮ್‌ನಲ್ಲಿ ಯಾವ ತಕರಾರೂ ಇಲ್ಲದೆ ಓಡುತ್ತಿತ್ತು; ಆಮೇಲೆ ಬಿಚ್ಚದೆ ಹಾಗೆಯೇ ಮೂಲೆಗಿಟ್ಟಿದ್ದೆ. ಈಚೆಗೆ ಧೂಳು ಒರೆಸಿ, ಲಿನಕ್ಸ್ ಹೊಸದಾಗಿ ಹಾಕಿ, ರೇವನ್‌ಕಾಯಿನ್‌ಗಾಗಿ ಕಾಪೌ ಅಲ್ಗಾರಿದಮ್‌ನಲ್ಲಿ ಓಡಿಸತೊಡಗಿದ್ದೇನೆ.

ಶುರುವಿನಲ್ಲಿ ಎಲ್ಲ ಸರಿಯಾಗಿಯೇ ಇರುತ್ತದೆ. ಮೂರೋ ನಾಲ್ಕೋ ಗಂಟೆ ಕಳೆದ ಮೇಲೆ ನಾಲ್ಕನೆಯ ಕಾರ್ಡ್ ಇದ್ದಕ್ಕಿದ್ದಂತೆ ಪಟ್ಟಿಯಿಂದ ಕಾಣೆಯಾಗುತ್ತದೆ, ಮೈನಿಂಗ್ ಪ್ರೋಗ್ರಾಂ ಸ್ತಬ್ಧವಾಗುತ್ತದೆ, ಅದು ನಿಂತಿತೇ ಎಂದು ಕಾಯುವ ವಾಚ್‌ಡಾಗ್ ರಿಗ್ಗನ್ನು ರೀಬೂಟ್ ಮಾಡುತ್ತದೆ. ಆದರೆ ರೀಬೂಟ್ ಆದ ಮೇಲೂ ಐದೇ ಕಾರ್ಡ್ ಕಾಣುತ್ತವೆ. ವಿದ್ಯುತ್ತನ್ನೇ ಪೂರ್ತಿ ಆರಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿದರೆ ಮಾತ್ರ ಆರನೆಯದು ಮರಳುತ್ತದೆ. ಡ್ರೈವರ್ ಮರುಸ್ಥಾಪಿಸಿದೆ, ಆ ಕಾರ್ಡಿನ ಥರ್ಮಲ್ ಪೇಸ್ಟ್ ಬದಲಿಸಿದೆ, ಫ್ಯಾನ್ ವೇಗ ಏರಿಸಿದೆ. ಉಷ್ಣತೆ 62 ಡಿಗ್ರಿ ದಾಟುವುದೇ ಇಲ್ಲ. ಓವರ್‌ಕ್ಲಾಕ್ (ನಿಗದಿಗಿಂತ ಏರಿಸಿದ ವೇಗ) ಬಹುಮಟ್ಟಿಗೆ ಹಳೆಯದೇ. ಹ್ಯಾಶ್‌ರೇಟ್ (ಸೆಕೆಂಡಿಗೆ ಮಾಡುವ ಲೆಕ್ಕಗಳ ಸಂಖ್ಯೆ) ತೀರಾ ಕಡಿಮೆ ಬರುತ್ತಿದ್ದುದರಿಂದ ಲೆಕ್ಕ ಮಾಡುವ ಕೋರ್ ಮೇಲಿನ ಮಿತಿಯನ್ನು ಸಡಿಲಿಸಿ, ಪವರ್ ಲಿಮಿಟ್ಟನ್ನು 120 ವ್ಯಾಟ್‌ನಿಂದ 180ಕ್ಕೆ ಏರಿಸಿದ್ದೇನೆ. ಪವರ್ ಸಪ್ಲೈ, ಕಾರ್ಡನ್ನು ಮದರ್‌ಬೋರ್ಡಿನಿಂದ ದೂರವಿಟ್ಟು ಜೋಡಿಸುವ ರೈಸರ್‌ಗಳು, ರೈಸರ್ ಜೊತೆಗೇ ಬಂದಿದ್ದ ತಂತಿಗಳು ಎಲ್ಲವೂ ಹಿಂದಿನವೇ. ಕಾರ್ಡ್ ಕೆಟ್ಟಿದೆ ಎಂದು ತೀರ್ಮಾನಿಸಬಹುದೇ?

ಇನ್ನೊಂದು ಅನುಮಾನವನ್ನೂ ಇಲ್ಲಿಯೇ ಕೇಳಿಬಿಡುತ್ತೇನೆ. ಆರೂ ಕಾರ್ಡ್ ಓಡುತ್ತಿರುವಾಗ ಪ್ರೋಗ್ರಾಂ ನನಗೆ 150 ಮೆಗಾಹ್ಯಾಶ್ ತೋರಿಸುತ್ತದೆ. ಹಲವರು ಒಟ್ಟಾಗಿ ಮೈನಿಂಗ್ ಮಾಡುವ ಪೂಲ್‌ನ ಪುಟದಲ್ಲಿ ಮಾತ್ರ ಒಮ್ಮೆ 128, ಇನ್ನೊಮ್ಮೆ 165. ಇವೆರಡರಲ್ಲಿ ಯಾವುದನ್ನು ನಂಬಬೇಕು?

ಮೊದಲ ಉತ್ತರ

ಕಾರ್ಡಿನ ಮೇಲೆ ತಪ್ಪು ಹೊರಿಸುವ ಮೊದಲು ಕರ್ನಲ್ ಲಾಗ್ ತೆರೆದು ನೋಡಿ. ಎನ್ವಿಡಿಯಾ ಡ್ರೈವರ್ ತೊಂದರೆಗೆ ಸಿಕ್ಕಾಗಲೆಲ್ಲ ‘ಎಕ್ಸ್‌ಐಡಿ’ ಎಂಬ ಪದದ ಮುಂದೆ ಒಂದು ಸಂಖ್ಯೆಯನ್ನು ಬರೆದಿಡುತ್ತದೆ. 13 ಅಥವಾ 31 ಇದ್ದರೆ, ಕಾರ್ಡ್ ಬಸ್ (ಮದರ್‌ಬೋರ್ಡಿನ ಜೊತೆಗಿನ ಸಂಪರ್ಕದ ದಾರಿ) ಮೇಲೆ ಇನ್ನೂ ಇದೆ, ಅದರೊಳಗೆ ನಡೆಯುತ್ತಿದ್ದ ಲೆಕ್ಕ ಮಾತ್ರ ಹಳಿ ತಪ್ಪಿದೆ ಎಂದರ್ಥ; ಅಂಥ ಕಡೆ ಹೆಚ್ಚಾದ ಓವರ್‌ಕ್ಲಾಕ್ ಅಥವಾ ಪ್ರೋಗ್ರಾಂನ ದೋಷವನ್ನು ಮೊದಲು ಶಂಕಿಸಬೇಕು. 79 ಇದ್ದರೆ ಮಾತೇ ಬೇರೆ. ಜಿಪಿಯು ಬಸ್‌ನಿಂದ ಕಳಚಿ ಬಿದ್ದಿದೆ ಎಂದು ಆ ಸಾಲಿನಲ್ಲೇ ಬರೆದಿರುತ್ತದೆ, ಅಂದರೆ ಮದರ್‌ಬೋರ್ಡ್ ಕರೆದರೂ ಕಾರ್ಡ್ ಓಗೊಡುತ್ತಿಲ್ಲ. ಪೂರ್ತಿ ಆರಿಸಿ ಹಾಕಿದ ಮೇಲಷ್ಟೇ ಕಾರ್ಡ್ ಮರಳುತ್ತದೆ ಎಂದು ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು 79 ಇರಬೇಕು.

ಆ ಸಾಲಿನಲ್ಲಿ ಪಿಸಿಐ ವಿಳಾಸವೂ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ‘ನಾಲ್ಕನೆಯ ಕಾರ್ಡ್’ ಎಂಬ ಎಣಿಕೆಯನ್ನು ನಂಬಬೇಡಿ. ಪ್ರೋಗ್ರಾಂ ತನಗೆ ಕಂಡ ಕಾರ್ಡ್‌ಗಳಿಗೆ ಸೊನ್ನೆಯಿಂದ ಸಂಖ್ಯೆ ಕೊಡುತ್ತಾ ಹೋಗುವುದರಿಂದ, ಒಂದು ಕಾರ್ಡ್ ಕಾಣೆಯಾದ ಮೇಲೆ ರೀಬೂಟ್ ಆದರೆ ಅದರ ನಂತರದ ಕಾರ್ಡ್‌ಗಳೆಲ್ಲ ಒಂದೊಂದು ಸಂಖ್ಯೆ ಹಿಂದಕ್ಕೆ ಸರಿಯುತ್ತವೆ. ಓವರ್‌ಕ್ಲಾಕ್ ಸ್ಕ್ರಿಪ್ಟ್ ಸಂಖ್ಯೆಯ ಮೇಲೆ ನಡೆಯುತ್ತಿದ್ದರೆ ಐದನೆಯ ಕಾರ್ಡಿಗೆ ನಾಲ್ಕನೆಯದರ ಸೆಟ್ಟಿಂಗ್ ಬೀಳುತ್ತದೆ. ಆಗ ಒಂದು ತೊಂದರೆಯ ಜೊತೆ ಇನ್ನೊಂದು ಹುಟ್ಟಿಕೊಂಡು ಯಾವುದು ಮೂಲ ಎಂದು ತಿಳಿಯುವುದೇ ಕಷ್ಟವಾಗುತ್ತದೆ.

ವಿಳಾಸ ಸಿಕ್ಕ ಮೇಲೆ ಶಂಕಿತರು ಮೂವರು: ಕಾರ್ಡ್, ರೈಸರ್, ಮದರ್‌ಬೋರ್ಡಿನ ಸ್ಲಾಟ್. ಕಾರ್ಡನ್ನು ಇದ್ದಲ್ಲೇ ಬಿಟ್ಟು, ಅದರ ರೈಸರನ್ನು ತಂತಿಸಮೇತ ಚೆನ್ನಾಗಿ ಓಡುತ್ತಿರುವ ಕಾರ್ಡಿನ ರೈಸರ್ ಜೊತೆ ಅದಲುಬದಲು ಮಾಡಿ. ತೊಂದರೆ ರೈಸರ್ ಬೆನ್ನು ಹತ್ತಿ ಹೋಯಿತೇ ಇಲ್ಲವೇ ಎಂಬುದು ಒಂದು ರಾತ್ರಿಯಲ್ಲಿ ಗೊತ್ತಾಗುತ್ತದೆ; ಹೋಗದಿದ್ದರೆ, ಕಾರ್ಡೋ ಸ್ಲಾಟೋ ಎಂದು ತಿಳಿಯಲು ಮುಂದಿನ ಸಲ ಸ್ಲಾಟ್ ಬದಲಿಸಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನೀವು ಡ್ರೈವರ್, ಪೇಸ್ಟ್, ಫ್ಯಾನ್ ಮೂರನ್ನೂ ಒಟ್ಟಿಗೆ ಮುಟ್ಟಿದ್ದರೆ, ರಿಗ್ ಸರಿಹೋಗಿದ್ದರೂ ಯಾವುದರಿಂದ ಎಂದು ಹೇಳಲು ಬರುತ್ತಿರಲಿಲ್ಲ.

ಎರಡನೆಯ ಉತ್ತರ

ನನ್ನ ಅನುಭವದಲ್ಲಿ ಇಂಥವೆಲ್ಲ ಮೆಮೊರಿ ಓವರ್‌ಕ್ಲಾಕ್‌ನಿಂದಲೇ ಬರುತ್ತವೆ. ಇಥ್ಯಾಶ್‌ಗೆ ಹೊಂದಿಸಿದ್ದ ಮೆಮೊರಿ ವೇಗ ಕಾಪೌನಲ್ಲಿ ತಡೆಯುವುದಿಲ್ಲ. ಎಲ್ಲವನ್ನೂ ಸೊನ್ನೆಗೆ ಇಳಿಸಿ ಒಂದು ದಿನ ಓಡಿಸಿ ನೋಡಿ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ) ಬಹಳ ಕಾರ್ಡ್‌ಗಳಿದ್ದಾಗ ಬೇಕಾಗುವ ‘ಅಬೋವ್ 4ಜಿ ಡಿಕೋಡಿಂಗ್’ ಚಾಲೂ ಇದೆಯೇ, ಪಿಸಿಐ ಎಕ್ಸ್‌ಪ್ರೆಸ್ ವೇಗ ‘ಆಟೋ’ದಲ್ಲಿದ್ದರೆ ಅದನ್ನು ಜೆನ್ 1 ಅಥವಾ ಜೆನ್ 2ಕ್ಕೆ ಇಳಿಸಿದ್ದೀರಾ ಎಂಬುದನ್ನೂ ಗಮನಿಸಿ, ಮೈನಿಂಗ್‌ನಲ್ಲಿ ಬಸ್ ಮೇಲೆ ಹೋಗಿಬರುವ ಮಾಹಿತಿ ಬಹಳ ಕಡಿಮೆಯಾದ್ದರಿಂದ ವೇಗ ಇಳಿಸಿದರೆ ನಷ್ಟವೇನೂ ಇಲ್ಲ.

ಮೂರನೆಯ ಉತ್ತರ

ಬಯಾಸ್ ಬಗ್ಗೆ ಹೇಳಿದ್ದು ಸರಿ. ಮೆಮೊರಿಯ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. ಅತಿಯಾದ ಓವರ್‌ಕ್ಲಾಕ್ ಕೆಲವೊಮ್ಮೆ 79ನ್ನೂ ತರುತ್ತದೆ ಎಂಬುದು ನಿಜ, ಆದರೆ ಮೆಮೊರಿ ತಪ್ಪತೊಡಗಿದಾಗ ಸಾಮಾನ್ಯವಾಗಿ ಅದಕ್ಕೂ ಮೊದಲೇ ಇನ್‌ವ್ಯಾಲಿಡ್ ಶೇರ್‌ಗಳು (ಪೂಲ್‌ಗೆ ಕಳಿಸಿದ ತಪ್ಪು ಉತ್ತರಗಳು) ಕಾಣಿಸಿಕೊಳ್ಳುತ್ತವೆ. ಕೇಳಿದವರು ಅಂಥದ್ದೇನನ್ನೂ ಹೇಳಿಲ್ಲ. ಅವರ ಬರಹದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಎರಡು ವಿಷಯ: 120 ವ್ಯಾಟ್ 180 ಆಗಿದೆ, ತಂತಿಗಳು ರೈಸರ್ ಜೊತೆಗೇ ಬಂದವು. ಆ ಪೊಟ್ಟಣಗಳಲ್ಲಿ ಬಹುಪಾಲು ಇರುವುದು ಒಂದು ಕಡೆ ಸಾಟಾ, ಇನ್ನೊಂದು ಕಡೆ ಆರು ಪಿನ್ ಇರುವ ಗೇಣುದ್ದದ ತಂತಿ.

ಇಥ್ಯಾಶ್ ಪೂರ್ತಿಯಾಗಿ ಮೆಮೊರಿಯ ಕೆಲಸ. ಕೋರನ್ನು ಕಟ್ಟಿಹಾಕಿದರೂ ಹ್ಯಾಶ್‌ರೇಟ್ ಇಳಿಯುತ್ತಿರಲಿಲ್ಲವಾದ್ದರಿಂದ ಎಲ್ಲರೂ ಕೋರ್ ತಗ್ಗಿಸಿ ಮೆಮೊರಿ ಏರಿಸುತ್ತಿದ್ದೆವು, ವಿದ್ಯುತ್ ಬಳಕೆಯೂ ಕಡಿಮೆ ಇರುತ್ತಿತ್ತು. ರೇವನ್‌ಕಾಯಿನ್ 2020ರ ಮೇ ತಿಂಗಳಲ್ಲಿ ಅಳವಡಿಸಿಕೊಂಡ ಕಾಪೌ ಹಾಗಲ್ಲ. ಮೈನಿಂಗ್‌ಗೆಂದೇ ಮಾಡಿದ ಎಸಿಕ್ ಯಂತ್ರಗಳನ್ನು ದೂರವಿಡಲೆಂದೇ ಅದು ಮೆಮೊರಿಯ ಜೊತೆಗೆ ಕೋರನ್ನೂ ಬೆವರಿಳಿಸಿ ದುಡಿಸುತ್ತದೆ, ಅಲ್ಲದೆ ಕೆಲವೇ ಬ್ಲಾಕ್‌ಗಳಿಗೊಮ್ಮೆ ಲೆಕ್ಕದ ಕ್ರಮವನ್ನೇ ಬದಲಿಸುತ್ತದೆ. ಆದ್ದರಿಂದ ಹಿಂದೆ ಯಾವ ತಕರಾರೂ ಇರಲಿಲ್ಲ ಎನ್ನುವುದು ಈಗಿನ ಹೊರೆಗೆ ಸಾಕ್ಷಿಯಾಗುವುದಿಲ್ಲ.

ಈಗ ಲೆಕ್ಕ ನೋಡಿ. ಕಾರ್ಡಿಗೆ ವಿದ್ಯುತ್ ಎರಡು ದಾರಿಯಿಂದ ಬರುತ್ತದೆ: ತಲೆಯ ಮೇಲಿನ ಆರು ಅಥವಾ ಎಂಟು ಪಿನ್ ಕನೆಕ್ಟರ್‌ನಿಂದ ಒಂದಿಷ್ಟು, ಉಳಿದದ್ದು ಸ್ಲಾಟಿನಿಂದ. ಸ್ಲಾಟಿನಿಂದ 75 ವ್ಯಾಟ್‌ವರೆಗೆ ಎಳೆಯಲು ಕಾರ್ಡಿಗೆ ಅನುಮತಿ ಇದೆ, ಅದರಲ್ಲಿ 12 ವೋಲ್ಟ್‌ನ ಪಾಲು 5.5 ಆಂಪಿಯರ್, ಅಂದರೆ 66 ವ್ಯಾಟ್. ರೈಸರ್ ಹಾಕಿದಾಗ ಈ ಸ್ಲಾಟಿನ ಪಾಲು ಬರುವುದು ಆ ಗೇಣುದ್ದದ ತಂತಿಯಿಂದ. ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಇರುವುದು ಮೂರು ಪಿನ್, ಒಂದೊಂದಕ್ಕೆ 1.5 ಆಂಪಿಯರ್. ಒಟ್ಟು 4.5 ಆಂಪಿಯರ್, 54 ವ್ಯಾಟ್. ಹಾರ್ಡ್ ಡಿಸ್ಕ್‌ಗೆಂದು ಮಾಡಿದ್ದಕ್ಕೆ ಅದು ಧಾರಾಳವಾಯಿತು. 66 ವ್ಯಾಟ್ ಕೇಳಬಲ್ಲ ಸ್ಲಾಟಿಗೆ ಸಾಲದು. ಇಥ್ಯಾಶ್ ಕಾಲದಲ್ಲಿ ಕಾರ್ಡ್ ಸ್ಲಾಟಿನಿಂದ ಅಷ್ಟು ಎಳೆಯುತ್ತಿರಲಿಲ್ಲವಾದ್ದರಿಂದ ಹೇಗೋ ನಡೆದುಹೋಯಿತು.

ಹಾಗಾದರೆ ನಾಲ್ಕು ಗಂಟೆ ಏಕೆ ತಡೆಯುತ್ತದೆ ಎಂದು ಕೇಳಬಹುದು. ಪಿನ್‌ನಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಬಿಸಿಯಾದ ಪಿನ್‌ನ ಹಿಡಿತ ಸಡಿಲವಾಗುತ್ತದೆ, ಸಡಿಲವಾದಂತೆ ರೋಧ ಹೆಚ್ಚುತ್ತದೆ, ರೋಧ ಹೆಚ್ಚಿದಂತೆ ಇನ್ನಷ್ಟು ಬಿಸಿ. ಮೂರರಲ್ಲಿ ಒಂದು ಪಿನ್ ಸೋತರೆ ಅದರ ಹೊರೆ ಉಳಿದೆರಡರ ಹೆಗಲಿಗೆ ಬೀಳುತ್ತದೆ. ಕೊನೆಗೆ ವೋಲ್ಟೇಜ್ ಒಂದು ಕ್ಷಣ ಕುಸಿದರೂ ಸಾಕು, ಕಾರ್ಡ್ ಬಸ್‌ನಿಂದ ಕಳಚಿಕೊಳ್ಳುತ್ತದೆ. ಕಾರ್ಡಿನ ಉಷ್ಣತೆ 62 ಡಿಗ್ರಿ ತೋರಿಸುತ್ತಲೇ ಇರುತ್ತದೆ, ಏಕೆಂದರೆ ಕನೆಕ್ಟರ್‌ನಲ್ಲಿ ಸೆನ್ಸರ್ ಇಲ್ಲ.

ರಿಗ್ ಆರಿಸಿ, ಪವರ್ ಸಪ್ಲೈನ ತಂತಿಯನ್ನೇ ಗೋಡೆಯಿಂದ ಕಿತ್ತು, ಆ ಸಾಟಾ ಕನೆಕ್ಟರನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಬಣ್ಣ ಬದಲಾದದ್ದು ಬೇಗ ಕಾಣುವುದಿಲ್ಲ. ಪಿನ್‌ಗಳ ಸಾಲು ನೆಟ್ಟಗಿದೆಯೇ, ಅಂಚು ಕರಗಿ ಹೊಳಪಾಗಿದೆಯೇ ಎಂದು ಗಮನಿಸಿ, ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆಯೂ ಸಿಗಬಹುದು. ಅದು ಹೇಗೇ ಇರಲಿ, ಆರೂ ರೈಸರ್‌ಗಳನ್ನು ಸಾಟಾದಿಂದ ಬಿಡಿಸಿ, ಪವರ್ ಸಪ್ಲೈನಿಂದ ನೇರವಾಗಿ ಬರುವ ಆರು ಪಿನ್ ಪಿಸಿಐ ಎಕ್ಸ್‌ಪ್ರೆಸ್ ತಂತಿಗೆ ಹಾಕಿ. ಅದರ ಅಧಿಕೃತ ಮಿತಿಯೇ 75 ವ್ಯಾಟ್. ನಾಲ್ಕು ಪಿನ್‌ನ ಮೊಲೆಕ್ಸ್ ಕನೆಕ್ಟರ್ ಸಾಟಾಗಿಂತ ಮೇಲು, ಆದರೆ ಒಂದೇ ಎಳೆಯಲ್ಲಿ ಮೂರು ನಾಲ್ಕು ರೈಸರ್ ಪೋಣಿಸಿದರೆ ಅದೂ ಅಷ್ಟಕ್ಕಷ್ಟೇ. ರೀಬೂಟ್ ಮಾಡಿ ಮಾಡಿ ಓಡಿಸುವ ವಾಚ್‌ಡಾಗನ್ನು ಅಲ್ಲಿಯವರೆಗೆ ದಯವಿಟ್ಟು ಆರಿಸಿಡಿ. ಕರಗುತ್ತಿರುವ ಕನೆಕ್ಟರಿಗೆ ಯಾರೂ ಇಲ್ಲದ ವೇಳೆಯಲ್ಲಿ ಮತ್ತೆ ಮತ್ತೆ ಹೊರೆ ಹೇರುವ ಕೆಲಸವನ್ನೇ ಅದು ಮಾಡುತ್ತಿದೆ.

ನಾಲ್ಕನೆಯ ಉತ್ತರ

ಹ್ಯಾಶ್‌ರೇಟ್ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ, ಅದನ್ನು ನಾನು ತೆಗೆದುಕೊಳ್ಳುತ್ತೇನೆ. ಪ್ರೋಗ್ರಾಂ ತಾನು ಮಾಡಿದ ಹ್ಯಾಶ್‌ಗಳನ್ನು ಎಣಿಸಿ ಹೇಳುತ್ತದೆ. ಪೂಲ್‌ಗೆ ನಿಮ್ಮ ಕಾರ್ಡ್‌ಗಳು ಕಾಣುವುದಿಲ್ಲ, ನೀವು ಕಳಿಸಿದ ಶೇರ್‌ಗಳಷ್ಟೇ ಕಾಣುತ್ತವೆ. ಅವುಗಳಿಂದ ಅದು ನಿಮ್ಮ ವೇಗವನ್ನು ಅಂದಾಜು ಮಾಡುತ್ತದೆ. ಶೇರ್ ಸಿಗುವುದು ಅದೃಷ್ಟದ ಮಾತಾದ್ದರಿಂದ ಅಂದಾಜು ತೂಗಾಡುತ್ತದೆ.

ಎಷ್ಟು ತೂಗಾಡಬಹುದು ಎಂಬುದನ್ನೂ ಲೆಕ್ಕ ಹಾಕಬಹುದು. ಒಂದು ಶೇರ್‌ಗೆ ಸರಾಸರಿ 429 ಕೋಟಿ ಹ್ಯಾಶ್ ಬೇಕಾಗುವ ಹಾಗೆ ಪೂಲ್ ಡಿಫಿಕಲ್ಟಿ ಇಟ್ಟಿದೆ ಎಂದುಕೊಳ್ಳಿ. 150 ಮೆಗಾಹ್ಯಾಶ್‌ಗೆ ಸುಮಾರು 29 ಸೆಕೆಂಡಿಗೊಂದು ಶೇರ್, ಗಂಟೆಗೆ 126ರಷ್ಟು. ಎಣಿಕೆಯ ವರ್ಗಮೂಲದಷ್ಟು ಏರಿಳಿತ ಸಹಜ. 126ರ ವರ್ಗಮೂಲ ಸುಮಾರು 11, ಅಂದರೆ ಶೇಕಡಾ 9. ಅದರ ಎರಡರಷ್ಟು ಆಚೀಚೆ ಆಗುವುದೂ ಅಪರೂಪವಲ್ಲ, ಆದ್ದರಿಂದ ಒಂದು ಗಂಟೆಯ ಅಂದಾಜು 128 ಆದರೂ 165 ಆದರೂ ಗಾಬರಿಯಾಗಬೇಕಿಲ್ಲ. 24 ಗಂಟೆಯಲ್ಲಿ ಮೂರು ಸಾವಿರ ಶೇರ್ ಆಗುತ್ತವೆ, ಏರಿಳಿತ ಶೇಕಡಾ 2ರೊಳಗೆ ಬರುತ್ತದೆ. ನೀವು ನೋಡಬೇಕಾದದ್ದು 24 ಗಂಟೆಯ ಸರಾಸರಿಯನ್ನು. ಅದು ಪ್ರೋಗ್ರಾಂ ಹೇಳುವುದಕ್ಕಿಂತ ಸಾಮಾನ್ಯವಾಗಿ ತುಸು ಕಡಿಮೆ ಇರುತ್ತದೆ, ಏಕೆಂದರೆ ಪ್ರೋಗ್ರಾಂ ಬರೆದವರು ತಮ್ಮ ಪಾಲನ್ನು ನಡುವೆ ತೆಗೆದುಕೊಳ್ಳುತ್ತಾರೆ, ತಡವಾಗಿ ತಲುಪಿದ ಸ್ಟೇಲ್ ಶೇರ್‌ಗಳೂ ಕಳೆದುಹೋಗುತ್ತವೆ. ಸ್ಟೇಲ್ ಹೆಚ್ಚಿದ್ದರೆ ಹತ್ತಿರದ ಸರ್ವರಿನ ವಿಳಾಸ ಹಾಕಿ. ಕಾರ್ಡ್ ಕಾಣೆಯಾದ ಗಂಟೆಗಳು ಸರಾಸರಿಯಲ್ಲಿ ಸೇರಿರುವವರೆಗೆ ಈ ಹೋಲಿಕೆಗೆ ಅರ್ಥವಿಲ್ಲ ಎಂಬುದನ್ನೂ ಮರೆಯಬೇಡಿ.

ಪ್ರಶ್ನೆ ಕೇಳಿದವರ ಮರುಬರಹ

ಎಲ್ಲರಿಗೂ ಧನ್ಯವಾದಗಳು. ಲಾಗ್‌ನಲ್ಲಿ ಇದ್ದದ್ದು 79ನೆಯ ಸಂಖ್ಯೆಯೇ, ಐದು ಬಾರಿಯೂ ಒಂದೇ ವಿಳಾಸ. ರೈಸರ್ ಅದಲುಬದಲು ಮಾಡಲು ಹೋದಾಗ ಪರೀಕ್ಷೆಯೇ ಬೇಕಾಗಲಿಲ್ಲ: ಸಾಟಾ ಕನೆಕ್ಟರ್ ಎಳೆದರೆ ಬರಲಿಲ್ಲ, ಬಲ ಹಾಕಿ ಎಳೆದಾಗ ಒಂದು ಬದಿಯ ಪ್ಲಾಸ್ಟಿಕ್ ತುಂಡಾಗಿ ಆ ಕಡೆಯ ಪಿನ್‌ಗೇ ಅಂಟಿಕೊಂಡು ಉಳಿಯಿತು. ಹಳದಿ ತಂತಿ ಕನೆಕ್ಟರ್ ಸೇರುವಲ್ಲಿ ಅರ್ಧ ಇಂಚಿನಷ್ಟು ಕಂದು ಬಣ್ಣಕ್ಕೆ ತಿರುಗಿದೆ. ಅದೇ ಎಳೆಯ ಎರಡನೆಯ ಕನೆಕ್ಟರಿಗೆ ಇನ್ನೊಂದು ರೈಸರನ್ನೂ ನಾನೇ ಸಿಕ್ಕಿಸಿದ್ದೆ. ಇದು ಕಣ್ಣೆದುರಿಗೇ ಇದ್ದರೂ ನಾನು ಕಾರ್ಡಿನ ಪೇಸ್ಟ್ ಬದಲಿಸುತ್ತ ಕುಳಿತಿದ್ದೆ.

ಆರು ಪಿನ್ ತಂತಿ ನನ್ನ ಪವರ್ ಸಪ್ಲೈ ಜೊತೆ ನಾಲ್ಕೇ ಇವೆ. ಬೇರೊಂದು ಪವರ್ ಸಪ್ಲೈನ ತಂತಿಗಳು ಎರಡು ಬಿದ್ದಿವೆ, ಕನೆಕ್ಟರ್ ಎರಡೂ ಕಡೆ ಸರಿಯಾಗಿ ಕೂರುತ್ತದೆ. ಅವನ್ನು ಬಳಸಬಹುದೇ?

ಮೂರನೆಯ ಉತ್ತರ ಬರೆದವರು

ಖಂಡಿತ ಬೇಡ. ಕಾರ್ಡಿನ ಕಡೆಯ ಕನೆಕ್ಟರಿಗೆ ನಿಗದಿಯಾದ ಕ್ರಮವಿದೆ. ಪವರ್ ಸಪ್ಲೈ ಕಡೆಯ ತುದಿಗೆ ಅಂಥ ಯಾವ ಕ್ರಮವೂ ಇಲ್ಲ, ಒಬ್ಬೊಬ್ಬ ತಯಾರಕರದು ಒಂದೊಂದು ರೀತಿ, ಒಬ್ಬರದೇ ಎರಡು ಮಾದರಿಗಳಲ್ಲೂ ಬೇರೆಯಾಗಿರುವುದುಂಟು. ಸರಿಯಾಗಿ ಕೂತಿತು ಎಂದು ಹಾಕಿದರೆ 12 ವೋಲ್ಟ್ ಇರಬೇಕಾದಲ್ಲಿ ಗ್ರೌಂಡ್ ಬಂದು ರೈಸರ್, ಕಾರ್ಡ್ ಎರಡೂ ಒಂದೇ ಕ್ಷಣದಲ್ಲಿ ಹೋಗಬಹುದು. ನಿಮ್ಮ ಮಾದರಿಯದೇ ತಂತಿ ತರಿಸಿಕೊಳ್ಳಿ. ಅವು ಬರುವವರೆಗೆ ನಾಲ್ಕು ಕಾರ್ಡ್ ಮಾತ್ರ ಓಡಿಸಿ, ಪವರ್ ಲಿಮಿಟ್ 150ಕ್ಕೆ ಇಳಿಸಿ. ಇನ್ನೊಂದು ಮಾತು: ರೈಸರ್‌ನ ನೀಲಿ ತಂತಿ ನೋಡಲು ಯುಎಸ್‌ಬಿ ತಂತಿಯಂತೆಯೇ ಇದ್ದರೂ ಅದರೊಳಗೆ ಹರಿಯುವುದು ಪಿಸಿಐ ಎಕ್ಸ್‌ಪ್ರೆಸ್ ಸಂಕೇತ, ಬಿಚ್ಚಿ ಜೋಡಿಸುವ ಗಡಿಬಿಡಿಯಲ್ಲಿ ಅದನ್ನು ಮದರ್‌ಬೋರ್ಡಿನ ಯುಎಸ್‌ಬಿ ಪೋರ್ಟಿಗೆ ಚುಚ್ಚಬೇಡಿ.

ಪ್ರಶ್ನೆ ಕೇಳಿದವರ ಮರುಬರಹ

ಮಾದರಿಗೆ ಹೊಂದುವ ತಂತಿಗಳು ಬಂದವು. ಈಗ ಆರೂ ರೈಸರ್ ಆರು ಪಿನ್ ಮೇಲಿವೆ, ಓವರ್‌ಕ್ಲಾಕ್ ಸ್ಕ್ರಿಪ್ಟ್ ಸಂಖ್ಯೆಯ ಬದಲು ಪಿಸಿಐ ವಿಳಾಸ ನೋಡಿ ನಡೆಯುತ್ತದೆ. ಪವರ್ ಲಿಮಿಟ್ 165ಕ್ಕೆ ಇಟ್ಟೆ. ಪ್ರೋಗ್ರಾಂ 146 ಮೆಗಾಹ್ಯಾಶ್ ಹೇಳುತ್ತಿದೆ, ಪೂಲ್‌ನ 24 ಗಂಟೆಯ ಸರಾಸರಿ 143. ಒಂಬತ್ತು ದಿನದಿಂದ ಲಾಗ್‌ನಲ್ಲಿ ಎಕ್ಸ್‌ಐಡಿ ಸಾಲು ಒಂದೂ ಇಲ್ಲ. ನಿನ್ನೆ ಆರಿಸಿದೊಡನೆ ರೈಸರ್‌ಗಳ ಕನೆಕ್ಟರ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದೆ, ಎಲ್ಲವೂ ಉಗುರುಬೆಚ್ಚಗೆ ಅಷ್ಟೇ.