ಮರದ ನೆರಳಿನ ಲಾನಿನಲ್ಲಿ ಕಳೆಹುಲ್ಲು: ಕ್ರ್ಯಾಬ್‌ಗ್ರಾಸ್ ಔಷಧಿಗೂ ಬಗ್ಗುತ್ತಿಲ್ಲ

ಹಿತ್ತಲಗಿಡ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಪೂರ್ವ ಭಾಗದಲ್ಲಿ. ಮನೆ ಹಿಂದೆ ದೊಡ್ಡ ಓಕ್ ಮರಗಳು, ಅದರಾಚೆ ಕಾಡು. ಮರದಡಿ ಹಾಕಿದ್ದ ಫೆಸ್ಕ್ಯೂ ಎಂಬ ಲಾನ್ ಹುಲ್ಲಿನ ಮಧ್ಯೆ ಎರಡು ವರ್ಷದಿಂದ ತಿಳಿಹಸಿರಿನ ಬೇರೊಂದು ಹುಲ್ಲು ಏಳುತ್ತಿದೆ. ಈ ಜುಲೈ ಹೊತ್ತಿಗೆ ಅರ್ಧ ಜಾಗ ಅದರದ್ದೇ. ಕ್ರ್ಯಾಬ್‌ಗ್ರಾಸ್ ಅಂದುಕೊಂಡು ಏಪ್ರಿಲ್ ಕೊನೆಗೆ ಪ್ರೀ-ಎಮರ್ಜೆಂಟ್ (ಬೀಜ ಮೊಳೆಯದಂತೆ ತಡೆಯುವ ಔಷಧಿ) ಹಾಕಿದೆ. ಬಿಸಿಲು ಬೀಳುವ ಮುಂದಿನ ಲಾನಿನಲ್ಲಿ ಕೆಲಸ ಮಾಡಿತು, ಹಿಂದೆ ಮಾಡಲಿಲ್ಲ. ಎಲ್ಲಿ ತಪ್ಪಿದೆ?

ಗರಿಕೆಬೇರು:
ಗಟ್ಟಿ ನೆರಳಿನಲ್ಲಿ ಕ್ರ್ಯಾಬ್‌ಗ್ರಾಸ್ ಇಷ್ಟು ಹುಲುಸಾಗಿ ಬೆಳೆಯುವುದಿಲ್ಲ. ನನಗೆ ಅನುಮಾನ ಜಪಾನೀಸ್ ಸ್ಟಿಲ್ಟ್‌ಗ್ರಾಸ್ ಎಂಬ ಕಳೆಹುಲ್ಲಿನ ಮೇಲೆ. ಒಂದು ಗರಿ ಕಿತ್ತು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮೇಲ್ಭಾಗದಲ್ಲಿ ಬೆಳ್ಳಿಯ ಗೆರೆ ಎಳೆದಂತೆ ಕಾಣುತ್ತದೆಯೇ? ಆ ಗೆರೆ ಸರಿಯಾಗಿ ಮಧ್ಯದಲ್ಲಿರದೆ ಸ್ವಲ್ಪ ಒಂದು ಪಕ್ಕಕ್ಕೆ ಸರಿದಿರುತ್ತದೆ. ಆಮೇಲೆ ಒಂದು ಗಿಡ ಎಳೆಯಿರಿ. ಬೇರುಸಮೇತ ಸಲೀಸಾಗಿ ಬಂದರೆ ಅದೇ.

ಗೆರೆ ಇಲ್ಲದೆ, ಗರಿ ಗಿಡ್ಡವಾಗಿ ಬೂದು ಬೆರೆತ ಹಸಿರಿದ್ದರೆ ನಿಂಬಲ್‌ವಿಲ್ ಎಂಬ ಇನ್ನೊಂದು ಹುಲ್ಲು ಇರಬಹುದು. ಅದು ಬಹುವಾರ್ಷಿಕ. ಚಳಿಗಾಲದಲ್ಲಿ ಒಣಹುಲ್ಲಿನ ತೇಪೆಯಂತೆ ಬಿದ್ದಿದ್ದು, ಅದೇ ಬುಡದಿಂದ ಮತ್ತೆ ಚಿಗುರುತ್ತದೆ. ಮೊಳಕೆ ತಡೆಯುವ ಔಷಧಿ ಆ ಬುಡಕ್ಕೆ ತಟ್ಟುವುದೇ ಇಲ್ಲ. ಹಾಗಾಗಿ ಮೊದಲು ಗುರುತು ಹಿಡಿಯಿರಿ, ಖರ್ಚು ಆಮೇಲೆ.

ಹಿತ್ತಲಗಿಡ:
ಬೆಳ್ಳಿ ಗೆರೆ ಇದೆ ಸರ್! ಇಷ್ಟು ದಿನ ಅದರ ಮೇಲೇ ಓಡಾಡಿದರೂ ಕಣ್ಣಿಗೆ ಬಿದ್ದಿರಲಿಲ್ಲ. ಎರಡು ಬೆರಳಲ್ಲಿ ಎಳೆದರೆ ಸಾಕು, ಬರುತ್ತದೆ. ಕೆಲವು ಕಾಂಡ ನೆಲಕ್ಕೆ ತಾಗಿದ ಗೆಣ್ಣಲ್ಲೂ ಬೇರು ಬಿಟ್ಟಿವೆ.

ಗರಿಕೆಬೇರು:
ಹಾಗಾದರೆ ಸಂಶಯವಿಲ್ಲ. ನಿಮ್ಮ ಔಷಧಿ ತಪ್ಪಲ್ಲ, ಹಾಕಿದ ಹೊತ್ತು ತಪ್ಪು. ಇದು ಕ್ರ್ಯಾಬ್‌ಗ್ರಾಸ್‌ಗಿಂತ ಸುಮಾರು ಎರಡು ವಾರ ಮುಂಚೆ, ಕೆಲವು ಕಡೆ ಇನ್ನೂ ಬೇಗ ಮೊಳೆಯುತ್ತದೆ. ನೀವು ಹಾಕುವ ಹೊತ್ತಿಗೆ ಸಸಿಗಳು ಎದ್ದಾಗಿತ್ತು.

ಸಮಾಧಾನದ ವಿಷಯ ಅಂದರೆ ಇದು ಏಕವಾರ್ಷಿಕ. ಮೊದಲ ಹಿಮಕ್ಕೆ ಸತ್ತುಹೋಗುತ್ತದೆ. ಮುಂದಿನ ವರ್ಷ ಬರುವುದೆಲ್ಲ ಬೀಜದಿಂದ, ಆದ್ದರಿಂದ ಬೀಜ ಕಟ್ಟಲು ಬಿಡದಿರುವುದೇ ಇಲ್ಲಿ ನಿಜವಾದ ಕೆಲಸ. ಮಳೆ ಬಂದ ಮರುದಿನ ಕೈಯಲ್ಲಿ ಕೀಳಿ, ಮಣ್ಣು ಮೆತ್ತಗಿರುತ್ತದೆ. ಕಿತ್ತು ಮುಗಿಯದ ಕಡೆ ಆಗಸ್ಟ್ ಕೊನೆಯಲ್ಲಿ, ಹೂ ಬಿಡುವುದಕ್ಕೆ ಸ್ವಲ್ಪ ಮುಂಚೆ, ನೆಲಮಟ್ಟಕ್ಕೆ ಕತ್ತರಿಸಿ. ಈಗಲೇ ತಗ್ಗಿಸಿ ಕತ್ತರಿಸಿದರೆ ಮತ್ತೆ ಚಿಗುರಿ, ಮೋವರ್ ಅಲಗಿಗೆ ಸಿಗದಷ್ಟು ಕೆಳಗೇ ಹೂ ಬಿಡುತ್ತದೆ. ನಾನು ಒಂದು ವರ್ಷ ಹಾಗೆ ಮಾಡಿ, ಅಕ್ಟೋಬರಿನಲ್ಲಿ ಬಗ್ಗಿ ನೋಡಿದಾಗ ಬೆರಳುದ್ದದ ಗಿಡಗಳೂ ತೆನೆ ಹೊತ್ತಿದ್ದವು. ತುಂಬಾ ಬೇಜಾರಾಯಿತು.

ತೊಗಟೆ:
ಒಂದು ಮಾತು ಸೇರಿಸುತ್ತೇನೆ. ಇದರ ಕೆಲವು ಹೂಗಳು ಅರಳುವುದೇ ಇಲ್ಲ, ಗರಿಯ ಬುಡದ ಒರೆಯೊಳಗೇ ಬೀಜವಾಗುತ್ತವೆ. ಹಾಗಾಗಿ ಸೆಪ್ಟೆಂಬರ್ ನಂತರ ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡಿ. ಹಿಂದಿನ ಲಾನ್ ಕತ್ತರಿಸಿದ ಮೇಲೆ ಮೋವರಿನ ಅಡಿಭಾಗವನ್ನೂ ಶೂಗಳನ್ನೂ ಅಲ್ಲೇ ಕೆರೆದು ಸ್ವಚ್ಛ ಮಾಡಿ, ಇಲ್ಲದಿದ್ದರೆ ನಿಮ್ಮ ಕೈಯಾರೆ ಮುಂದಿನ ಲಾನಿಗೂ ಬಿತ್ತಿದಂತೆ.

ಹಿತ್ತಲಗಿಡ:
ಇಬ್ಬರಿಗೂ ಧನ್ಯವಾದ. ಈ ವರ್ಷ ಪೂರ್ತಿ ಕಿತ್ತರೆ ಮುಂದಿನ ವರ್ಷ ಬರುವುದಿಲ್ಲವಾ?

ಗರಿಕೆಬೇರು:
ಬರುತ್ತದೆ. ಹಳೆಯ ಬೀಜ ಮಣ್ಣಿನಲ್ಲಿ ಮೂರರಿಂದ ಐದು ವರ್ಷ ಜೀವ ಹಿಡಿದಿರುತ್ತದೆ, ಜೊತೆಗೆ ಕಾಡಿನ ಅಂಚಿನಿಂದ ಮಳೆನೀರಿನಲ್ಲೂ ಹರಿದು ಬರುತ್ತದೆ. ಮುಂದಿನ ವಸಂತದಲ್ಲಿ ಪ್ರೀ-ಎಮರ್ಜೆಂಟನ್ನು ಈ ವರ್ಷಕ್ಕಿಂತ ಮೂರು ವಾರ ಮುಂಚೆ ಹಾಕಿ. ಫೆಸ್ಕ್ಯೂ ಬೀಜವನ್ನು ಈ ಶರತ್ಕಾಲದಲ್ಲೇ ಬಿತ್ತಿಬಿಡಿ, ಔಷಧಿ ಹಾಕಿದ ಮೇಲೆ ಅದೂ ಮೊಳೆಯುವುದಿಲ್ಲ. ಆಮೇಲೆ ಲಾನನ್ನು ಮೂರೂವರೆ ಇಂಚಿಗಿಂತ ತಗ್ಗಿಸಬೇಡಿ. ಕಾಡಿನ ಕಡೆಯ ಅಂಚನ್ನು ಜೂನ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ನಡೆದು ನೋಡಿ, ಕಂಡಲ್ಲಿ ಕೀಳಿ.