ಅಮ್ಮನ ದವಡೆಗೆ ಟೈಟಾನಿಯಂ ಸ್ಕ್ರೂ: ಪುಡಿ ಉದುರುತ್ತಂತೆ, ಹೌದಾ?

ಕೇಳಿದವರು, ಬಸವನಗುಡಿ: ಅಮ್ಮನಿಗೆ 63. ಕೆಳಗಿನ ಎರಡು ದವಡೆ ಹಲ್ಲು ಹೋಗಿ ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ, ಅದರ ಮೇಲೆ ಹಲ್ಲಿನಂಥ ಕ್ಯಾಪ್ ಹಾಕೋದು) ಹಾಕಿಸೋದು ಅಂತ ನಿಕ್ಕಿ ಆಗಿತ್ತು. ಅಷ್ಟರಲ್ಲಿ ಸೋದರತ್ತೆ ಒಂದು ವಾಟ್ಸಾಪ್ ವಿಡಿಯೋ ಕಳಿಸಿದ್ರು. ಸ್ಕ್ರೂನಿಂದ ಲೋಹದ ಕಣ ಉದುರಿ ಮೈಯೆಲ್ಲ ಹರಡುತ್ತೆ ಅಂತ ಅದರಲ್ಲಿ. ಅಮ್ಮ ಈಗ "ನಂಗೆ ರಾಗಿ ಗಂಜಿನೇ ಸಾಕು" ಅಂತ ಕೂತಿದ್ದಾರೆ. ಡಾಕ್ಟರನ್ನ ಕೇಳಿದ್ರೆ "ಏನೂ ಆಗಲ್ಲಮ್ಮ", ಅಷ್ಟೇ. ಹಾಕಿಸಿಕೊಂಡವರು, ತಿಳಿದವರು ಹೇಳ್ತೀರಾ?

ಎಚ್‌ಎಎಲ್ ನಿವೃತ್ತ, ಮಾರತ್‌ಹಳ್ಳಿ: ನೋಡಮ್ಮ, ನಾನು ಹಲ್ಲಿನ ಡಾಕ್ಟರಲ್ಲ, ಲೇತ್ ಮೇಲೆ ಟೈಟಾನಿಯಂ ಕಡೆದವನು. ವಿಮಾನಕ್ಕೆ ನಾವು ಬಳಸ್ತಿದ್ದಿದ್ದು ಶೇ 6 ಅಲ್ಯೂಮಿನಿಯಂ, ಶೇ 4 ವನಾಡಿಯಂ ಬೆರೆಸಿದ್ದು. ಇಂಪ್ಲಾಂಟಿನಲ್ಲೂ ಕೆಲವು ಅದರಲ್ಲೇ ಮಾಡಿರ್ತಾರೆ, ಇನ್ನು ಕೆಲವು ಹೆಚ್ಚುಕಮ್ಮಿ ಶುದ್ಧ ಟೈಟಾನಿಯಂ, ಗ್ರೇಡ್ 4. ಯಾವುದು ಅಂತ ಕೇಳಿ. ಈ ಲೋಹದ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಇರುತ್ತೆ. ಹಾಲಿನ ಕೆನೆ ಥರ, ಗೀಚಿ ತೆಗೆದ್ರೂ ತಕ್ಷಣ ಮತ್ತೆ ಕಟ್ಟಿಕೊಳ್ಳುತ್ತೆ. ಅದಕ್ಕೇ ತುಕ್ಕಿನ ಮಾತಿಲ್ಲ. ಆದ್ರೆ ಎರಡು ಭಾಗ ಕೂಡೋ ಜಾಗದಲ್ಲಿ ಒಂದಕ್ಕೊಂದು ಉಜ್ಜಾಡ್ತಾ ಇದ್ರೆ ಕೆನೆ ಕಟ್ಟೋಕೆ ಪುರುಸೊತ್ತೇ ಸಿಗಲ್ಲ, ಪುಡಿ ಬೀಳುತ್ತೆ. (ಟೈಟಾನಿಯಂ ಸಣ್ಣ ಚೂರಿಗೆ ಬೆಂಕಿ ಹತ್ತೋದೂ ಉಂಟು. ಹೆದರಬೇಡಿ, ಬಾಯಲ್ಲಿ ಅಲ್ಲ, ಶಾಪ್‌ನಲ್ಲಿ!)

ವಿಜಯನಗರ: ಸರ್ ಹೇಳಿದ್ದು ನನ್ನ ಬಾಯಲ್ಲೇ ಆಗಿದೆ. ಕ್ಯಾಪ್ ಸ್ವಲ್ಪ ಅಲ್ಲಾಡ್ತಿತ್ತು, ನೋವಿಲ್ಲ ಅಂತ ಐದು ತಿಂಗಳು ಸುಮ್ಮನಿದ್ದೆ. ಗೌರಿ ಹಬ್ಬದ ಚಕ್ಕುಲಿ ಬೇರೆ. ಆಮೇಲೆ ವಸಡು ಊದಿಕೊಂಡು ಅಂಚಿನಲ್ಲಿ ಬೂದು ಬಣ್ಣದ ಕಲೆ ಬಂತು. ಹಾಕಿದ ಕ್ಲಿನಿಕ್‌ನವರು "ಎಲ್ಲರಿಗೂ ಹಾಗೇ" ಅಂದ್ರು. ಬೇರೆ ಡಾಕ್ಟರ್ ಬಿಚ್ಚಿ ನೋಡಿದ್ರು, ಕ್ಯಾಪ್ ಹಿಡಿದಿಡೋ ಒಳಗಿನ ಸಣ್ಣ ಸ್ಕ್ರೂ ಸಡಿಲವಾಗಿ ಅದರ ಥ್ರೆಡ್ ಸವೆದಿತ್ತು. ಹೊಸದು ಹಾಕಿ, ಅಳತೆ ತೋರಿಸೋ ಟಾರ್ಕ್ ರೆಂಚಲ್ಲಿ ಬಿಗಿ ಮಾಡಿದ್ರು. ಊತ ಇಳೀತು, ಕಲೆ ಹಾಗೇ ಇದೆ.

ಹಲ್ಲಿನ ವೈದ್ಯೆ, ಮಲ್ಲೇಶ್ವರ: ಕಣ ಬರೋದೇ ಇಲ್ಲ ಅನ್ನೋದು ಸುಳ್ಳು. ಸ್ಕ್ರೂ ಮೂಳೆಗೆ ತಿರುಗಿಸುವಾಗಲೇ ಒಂಚೂರು ಉದುರಬಹುದು. ಆರೋಗ್ಯವಾಗಿರೋ ವಸಡಿನಲ್ಲೂ ಟೈಟಾನಿಯಂ ಸಿಗುತ್ತೆ, ಇಂಪ್ಲಾಂಟ್ ಸುತ್ತ ಕೀವು, ಊತ ಇರೋ ಕಡೆ ಹೆಚ್ಚು ಸಿಗುತ್ತೆ. ಕಣದಿಂದ ಊತ ಬಂತೋ, ಊತದಿಂದ ಕಣ ಹೆಚ್ಚಾಯ್ತೋ ಅನ್ನೋ ಜಗಳ ಸಂಶೋಧಕರಲ್ಲಿ ಇನ್ನೂ ಮುಗಿದಿಲ್ಲ. ಲ್ಯಾಬ್‌ನಲ್ಲಿ ಬಿಳಿ ರಕ್ತಕಣಗಳು ಈ ಪುಡಿ ನುಂಗಿ ಕೆರಳೋದಂತೂ ಕಂಡಿದೆ. ಮೈಯೆಲ್ಲ ವಿಷ ಅನ್ನೋದಕ್ಕೆ ಪುರಾವೆ ಇಲ್ಲ. ನನಗನ್ನಿಸೋದು, ಆ ವಿಡಿಯೋದವರು ಸೊಂಟದ ಕೃತಕ ಕೀಲಿನ ಕಥೆ ಇಲ್ಲಿಗೆ ಅಂಟಿಸಿದ್ದಾರೆ. ಅದು ಕೋಬಾಲ್ಟ್-ಕ್ರೋಮಿಯಂ, ಲೋಹದ ಮೇಲೆ ಲೋಹ ಉಜ್ಜಿ ರಕ್ತದಲ್ಲಿ ಕೋಬಾಲ್ಟ್ ಏರ್ತಿತ್ತು. ಅಂಥ ಒಂದು ಕೀಲನ್ನ 2010ರಲ್ಲಿ ಮಾರುಕಟ್ಟೆಯಿಂದ ವಾಪಸ್ ತಗೊಂಡ್ರು. ಹಲ್ಲಿನದೇ ಬೇರೆ: ಸ್ವೀಡನ್ನಿನ ಸಂಶೋಧಕ ಬ್ರಾನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಹಾಕಿದ ಟೈಟಾನಿಯಂ, ಆ ರೋಗಿ 2006ರಲ್ಲಿ ತೀರಿಕೊಳ್ಳೋವರೆಗೂ ಬಾಯಲ್ಲಿತ್ತು.

ನೀವು ಎಚ್ಚರ ಇಡಬೇಕಾದ್ದು ಕ್ಲೀನಿಂಗ್ ದಿನ. ಮಾಮೂಲಿ ಸ್ಟೀಲ್ ತುದಿಯ ಮೆಷಿನ್ ಇಂಪ್ಲಾಂಟ್ ಮೈ ಗೀಚುತ್ತೆ. "ಇದು ಇಂಪ್ಲಾಂಟ್, ಪ್ಲಾಸ್ಟಿಕ್ ತುದಿ ಹಾಕಿ" ಅಂತ ಬಾಯಿಬಿಟ್ಟು ಹೇಳಿ, ಹೊಸ ಹುಡುಗರು ಚಾರ್ಟ್ ನೋಡಿರಲ್ಲ. ಹುಳಿ ಇರೋ ಫ್ಲೋರೈಡ್ ಜೆಲ್ ಬೇಡ, ಅದು ಆ ಪೊರೆ ತಿನ್ನುತ್ತೆ. ದಿನಾ ಉಜ್ಜೋ ಪೇಸ್ಟಿಗೆ ತೊಂದರೆ ಇಲ್ಲ. ಅಮ್ಮನಿಗೆ ಶುಗರ್ ಇದೆಯಾ? ಶುಗರ್ ಹತೋಟಿಯಲ್ಲಿ ಇಲ್ಲದಿದ್ರೆ ಗಾಯ ಮಾಯೋದು ನಿಧಾನ, ನನಗೆ ಕಣಕ್ಕಿಂತ ಅದರ ಚಿಂತೆ ಜಾಸ್ತಿ.

ರಾಜಾಜಿನಗರ: ನಂಗೆ ನಕಲಿ ಓಲೆ ಹಾಕಿದ್ರೆ ಕಿವಿ ತುರಿಕೆ, ನಿಕಲ್ ಅಲರ್ಜಿ. ಸ್ಕ್ರೂ ಟೈಟಾನಿಯಂ ಆದ್ರೂ ಮೇಲಿನ ಅಗ್ಗದ ಕ್ಯಾಪ್ ಒಳಗೆ ಎಷ್ಟೋ ಸಲ ನಿಕಲ್-ಕ್ರೋಮಿಯಂ ಇರುತ್ತೆ, ಅದನ್ನ ಯಾರೂ ತಾವಾಗಿ ಹೇಳಲ್ಲ. ಜಿರ್ಕೋನಿಯಾ (ಲೋಹ ಅಲ್ಲ, ಪಿಂಗಾಣಿ ಥರದ್ದು) ಕ್ಯಾಪ್ ಹಾಕಿಸಿದೆ.

ಯಲಹಂಕ: ಹಾಗಾದ್ರೆ ಸ್ಕ್ರೂನೂ ಜಿರ್ಕೋನಿಯಾದ್ದೇ ಹಾಕಿಸಬಹುದಲ್ವಾ?

ಹಲ್ಲಿನ ವೈದ್ಯೆ, ಮಲ್ಲೇಶ್ವರ: ಸಿಗುತ್ತೆ. ಆದ್ರೆ ಪಿಂಗಾಣಿ ಜಾತಿ, ಮುರಿಯೋ ಭಯ ಇದೆ, ಟೈಟಾನಿಯಂ ಅಷ್ಟು ವರ್ಷಗಳ ಅನುಭವವೂ ಇಲ್ಲ. ಟೈಟಾನಿಯಂ ನಿಜಕ್ಕೂ ಆಗದೇ ಇರೋರು ತುಂಬಾ ಕಮ್ಮಿ.

ಜಯನಗರ: ಇಂಪ್ಲಾಂಟ್ ಡಬ್ಬಿ ಮೇಲಿನ ಸ್ಟಿಕ್ಕರ್ ಕೇಳಿ ಇಸ್ಕೊಳ್ಳಿ, ಕಂಪನಿ, ಲಾಟ್ ನಂಬರ್ ಎಲ್ಲ ಇರುತ್ತೆ. ನಮ್ಮ ತಂದೆಯ ಕ್ಲಿನಿಕ್ ಮುಚ್ಚಿಹೋಯ್ತು. ಒಳಗಿರೋದು ಯಾವ ಕಂಪನಿದು ಅಂತ ಗೊತ್ತಿಲ್ಲದೆ, ಸ್ಕ್ರೂ ಬಿಚ್ಚೋ ಕೀಲಿಗೆ ಮೂರು ಕಡೆ ಅಲೆದ್ವಿ.

ಕೇಳಿದವರು, ಬಸವನಗುಡಿ: ಎಲ್ಲರಿಗೂ ಥ್ಯಾಂಕ್ಸ್. ಫೋನ್ ಮಾಡಿ ಒಂದೊಂದೇ ಕೇಳಿದೆ. ಗ್ರೇಡ್ 4 ಅಂತೆ, ಸ್ಟಿಕ್ಕರ್ ಕೊಡ್ತಾರಂತೆ, ಕ್ಯಾಪಲ್ಲಿ ನಿಕಲ್ ಇದೆಯಂತೆ, ಬದಲಾಯಿಸ್ತೀವಿ ಅಂದ್ರು. ವೈದ್ಯೆ ಕೇಳಿದ್ರಲ್ಲ ಅಂತ ಶುಗರ್ ನೋಡಿಸಿದ್ವಿ. ಮೂರು ತಿಂಗಳ ಸರಾಸರಿ (HbA1c) ಶೇ 8.9 ಬಂದಿದೆ, ಅಂದ್ರೆ ಶುಗರ್ ಇದೆ, ಅಮ್ಮನಿಗೆ ಗೊತ್ತೇ ಇರಲಿಲ್ಲ. ಅದು ಹತೋಟಿಗೆ ಬರೋವರೆಗೂ ಸ್ಕ್ರೂ ಇಲ್ಲ ಅಂತ ಡಾಕ್ಟರೇ ಮುಂದೂಡಿದ್ದಾರೆ. "ಆ ವಿಮಾನದವರು ಏನಂದ್ರು?" ಅಂತ ಅಮ್ಮ ಎರಡು ಸಲ ಕೇಳಿದ್ರು, ಓದಿ ಹೇಳಿದೆ. ಸದ್ಯಕ್ಕಂತೂ ಗಂಜಿನೇ.