ಅಪ್‌ಡೇಟ್: ಶುಂಠಿಗೆ ಕೊಟ್ಟ ಗದ್ದೆಯ ಕರಾರು

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಪೊನ್ನಂಪೇಟೆ ಹತ್ತಿರದ ನಮ್ಮ ಎರಡು ಎಕರೆ ಗದ್ದೆಯನ್ನು ವಯನಾಡಿನ ರೈತರೊಬ್ಬರಿಗೆ ಶುಂಠಿಗೆ ಕೊಟ್ಟಿದ್ದೆವು. ಬೆಳೆಗೆ ಕೊಳೆ ರೋಗ ಬಂತು. ಗೇಣಿಯ ಬಾಕಿ ಹಣ ಕೇಳಬಹುದಾ, ಜಮೀನು ಕೈ ತಪ್ಪುತ್ತಾ ಅಂತ ಭಯ ಇತ್ತು.

ಮಡಿಕೇರಿಯಲ್ಲಿ ವಕೀಲರನ್ನು ಕಂಡೆ. ಕರಾರು ಪತ್ರ ನೋಡಿ ತಲೆ ಅಲ್ಲಾಡಿಸಿದರು. 1961ರ ಭೂ ಸುಧಾರಣಾ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ನಮ್ಮ ರಾಜ್ಯದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವಂತೆಯೇ ಇಲ್ಲ. ಸೇನೆಯಲ್ಲಿರುವವರಿಗೆ ವಿನಾಯಿತಿ ಇದೆ, ನಮಗಿಲ್ಲ. ಅಂದರೆ ಆ ಪತ್ರ ಹಿಡಿದು ಕೋರ್ಟಿಗೆ ಹೋದರೆ ಇಬ್ಬರಿಗೂ ಕಷ್ಟ. ಇನ್ನು 'ಉಳುವವನೇ ಹೊಲದೊಡೆಯ' ಅಂತ ಅಪ್ಪ ಹೆದರುತ್ತಿದ್ದರಲ್ವಾ, ಆ ಹಕ್ಕು 1974ರ ಮಾರ್ಚ್ 1ಕ್ಕೆ ಮುಂಚಿನ ಗೇಣಿದಾರರಿಗೆ ಸಂಬಂಧಿಸಿದ್ದು. ಅಪ್ಪ ಈಗ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ.

ಕೊನೆಗೆ ನಾನೇ ಗದ್ದೆಗೆ ಹೋದೆ. ಆ ರೈತರು ಒಂದು ಗಿಡ ಹಿಡಿದು ಮೆಲ್ಲಗೆ ಎಳೆದರು. ದಂಟು ಸಲೀಸಾಗಿ ಕಿತ್ತು ಬಂತು. ಗೆಡ್ಡೆ ಒತ್ತಿದರೆ ಕೊಳೆತ ನೀರು, ಮೂಗು ಮುಚ್ಚುವ ವಾಸನೆ. ಅರ್ಧ ಗದ್ದೆ ಹಾಗೇ ಇತ್ತು. ಅವರು ಒಡವೆ ಅಡವಿಟ್ಟು ಬೀಜ ತಂದಿದ್ದರಂತೆ. ನನ್ನ ಬಾಯಿಂದ ಬಾಕಿ ಮಾತು ಹೊರಡಲಿಲ್ಲ.

ಬಾಕಿಯಲ್ಲಿ ಅರ್ಧ ಬಿಟ್ಟೆವು. ಉಳಿದದ್ದು ಶುಂಠಿ ಕಿತ್ತ ಮೇಲೆ ಕೊಡುತ್ತಾರೆ. ಅಗೆದ ಕಾಲುವೆಗಳನ್ನು ಮುಚ್ಚಿ, ಏರಿ ಸರಿ ಮಾಡಿಯೇ ಹೋಗಬೇಕು ಅಂದೆ, ಒಪ್ಪಿದರು. ಮುಂದಿನ ಮಳೆಗೆ ನಾವೇ ಭತ್ತ ನಾಟಿ ಮಾಡುತ್ತೇವೆ.